ಕಂಪನ ನಿಂತ ಮೇಲೆ

1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವು ಬೆಳಕಿಗೆ ಬಂದ ಮಸ್ಕಿಯ ಬಂಡೆಯೆದುರು ನಿಂತವನಿಗೆ, ಈ ನೆಲ ಅಚಲವೆಂದೇ ತೋರುವುದು ಸಹಜ. ಲಿಂಗಸುಗೂರು ಸೀಮೆಯ ಹಟ್ಟಿಯಲ್ಲಿ ಚಿನ್ನಕ್ಕಾಗಿ ಅಗೆಯುವ ಶಿಲೆಗಳ ವಯಸ್ಸಾದರೋ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಕ್ಕುದು. ಆದರೂ ಆ ಬಂಡೆ, ಆ ಗಣಿ, ಸಿಂಧನೂರಿನ ಭತ್ತದ ಗದ್ದೆ, ಎಲ್ಲವೂ ಭಾರತದ ಭೂಫಲಕದೊಡನೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಲೇ ಇವೆ.

ಈ ಫಲಕದ ಅಂಚು ಅಂಡಮಾನಿನ ಬಳಿ ಮತ್ತೊಂದು ಫಲಕದ ಅಡಿಗೆ ಇಳಿಯುತ್ತದೆ. 2004ರ ಡಿಸೆಂಬರ್ 26ರಂದು ಅಲ್ಲಿ ಸುಮಾರು 1300 ಕಿಲೋಮೀಟರ್ ಉದ್ದದ ಬಿರುಕು ಜಾರಿ ಭೂಕಂಪವಾದಾಗ, ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ತಗ್ಗಿತು. ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದ ಜಿಪಿಎಸ್ ಕೇಂದ್ರವೂ ಒಂದು ಸೆಂಟಿಮೀಟರಿನಷ್ಟು ಪೂರ್ವಕ್ಕೆ ಸರಿಯಿತು.

ಕಂಪನವು ಕೆಲವೇ ನಿಮಿಷಗಳಲ್ಲಿ ಶಮಿಸಿತು. ನೆಲದ ಚಲನೆ ಶಮಿಸಲಿಲ್ಲ. ಬಿರುಕಿನ ಆಳದ ಭಾಗಗಳು ಸದ್ದಿಲ್ಲದೆ ಜಾರುತ್ತ ಹೋದುವು. ಅದರ ಕೆಳಗಣ ಬಿಸಿಶಿಲೆಯು, ಹೊಡೆದರೆ ಸಿಡಿಯುವ ಡಾಂಬರಿನ ಗಡ್ಡೆ ಇಟ್ಟಲ್ಲೇ ನಿಧಾನವಾಗಿ ಹರಡಿಕೊಳ್ಳುವಂತೆ, ಹೊಸ ಒತ್ತಡಕ್ಕೆ ಮಣಿದು ಹರಿಯತೊಡಗಿತು. ಮೊದಲನೆಯದು ಬೇಗನೆ ಕುಗ್ಗುವಂಥದು. ಎರಡನೆಯದು ದಶಕಗಳ ಮಾತು. ಮೊದಲ ತಿಂಗಳುಗಳಲ್ಲಿ ಇವೆರಡೂ ಒಂದರೊಳಗೊಂದು ಬೆರೆತಿರುವುದರಿಂದ, ಗಣಿತದ ಪ್ರತಿರೂಪಗಳನ್ನು ಎಷ್ಟೇ ಜಾಣ್ಮೆಯಿಂದ ಕಟ್ಟಿದರೂ, ವರ್ಷಾನುವರ್ಷದ ಅಳತೆಯ ಆಸರೆಯಿಲ್ಲದೆ ಇದರ ಪಾಲೆಷ್ಟು, ಅದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಹಾಗೆ ಬಿಡಿಸಿದಲ್ಲದೆ, ನೆರೆಯ ಬಿರುಕುಗಳ ಮೇಲೆ ಎಷ್ಟು ಭಾರ ಸಂಚಯವಾಗುತ್ತಿದೆಯೆಂಬುದೂ ತಿಳಿಯದು.

ಇದು ನಮಗೇಕೆಂದು ಕೇಳುವವರುಂಟು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಲ್ಲಿ ಕೆಲವರಿಗೆ ಅಂಡಮಾನ್ ನೆಲೆಯಾಯಿತು, ಕೆಲವರಿಗೆ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳು; ಹಾಗಾಗಿ ಆ ದ್ವೀಪಗಳು ಈ ತಾಲ್ಲೂಕಿಗೆ ಅಷ್ಟೇನೂ ಪರದೇಶವಲ್ಲ. ಅಲ್ಲದೆ ದ್ವೀಪವು ಎಷ್ಟು ಸರಿಯಿತೆಂದು ಅಳೆಯಬೇಕಾದರೆ, ಹೋಲಿಸಲು ಫಲಕದ ಒಳನಾಡಿನ ಸ್ಥಿರವಾದ ಕಲ್ಲುನೆಲ ಬೇಕು. ಅಂಥ ನೆಲ ನಮ್ಮದು.

ಪರಿಹಾರದ ಲೆಕ್ಕ ಮುಗಿದೊಡನೆ ದುರಂತವೂ ಮುಗಿಯಿತೆಂದು ಕಡತ ಕಟ್ಟುವುದು ಆಡಳಿತದ ವಾಡಿಕೆ. ನೆಲದ ಕಡತ ಅಷ್ಟು ಬೇಗ ಮುಚ್ಚುವಂಥದಲ್ಲವಾದುದರಿಂದ, ಅಳತೆಯ ಕೇಂದ್ರಗಳಿಗೆ, ಸುದ್ದಿಯಿರಲಿ ಇಲ್ಲದಿರಲಿ, ಪ್ರತಿ ವರ್ಷವೂ ತಪ್ಪದೆ ಹಣ ಒದಗಬೇಕು. ರಾಯಚೂರು ಸೀಮೆಯ ಬಂಡೆಗಳ ಮೇಲೂ ಅವು ನೆಲೆಗೊಳ್ಳಬೇಕು. ಕೆಟ್ಟ ಉಪಕರಣವನ್ನು ಮುಂದೆಂದಾದರೂ ದುರಸ್ತಿ ಮಾಡಬಹುದು. ಅಳೆಯದೆ ಕಳೆದ ದಿನವನ್ನು ಮರಳಿ ಅಳೆಯಲಾದೀತೆ?