ಕುವೆಂಪು ಎಕ್ಸ್‌ಪ್ರೆಸ್ ಸಿಕ್ಕಿತಾ?
ದೀಪಾವಳಿಗೆ ಸೋಗಾನೆಯ ಅಕ್ಕನ ಮನೆಗೆ ಹೊರಟರೆ ನಮಗೆ ರೈಲೇ ಆಗಬೇಕು. ತರೀಕೆರೆ ದಾಟಿದ್ದೇ ಮಗಳು ಕಿಟಕಿಗೆ ಅಂಟಿಕೊಳ್ಳುತ್ತಾಳೆ. ಕ್ರಾಸಿಂಗಿಗೆ ನಿಂತಾಗ ಎದುರು ಗಾಡಿಯ ಬೋರ್ಡು ಓದಿ, ಬೋಗಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ತಾಳಗುಪ್ಪದ ಕುವೆಂಪು ಎಕ್ಸ್‌ಪ್ರೆಸ್ ಸಿಕ್ಕಿದರೆ ಅವಳಿಗೆ ಆವತ್ತೇ ಹಬ್ಬ. ನನ್ನ ಕಣ್ಣು ಮಾತ್ರ ಇಲ್ಲದ ಗಾಡಿಯನ್ನೇ ಹುಡುಕುತ್ತದೆ. ಶಿವಮೊಗ್ಗದಾಚೆ ಮೀಟರ್‌ಗೇಜ್ ಹಳಿಯ ಮೇಲೆ, ಕಾಡಿನ ನಡುವೆ ಓಡುತ್ತಿದ್ದ ಆ ಒಂಟಿ ಬೋಗಿಯ ರೈಲ್‌ಬಸ್! ಬ್ರಾಡ್‌ಗೇಜ್ ಬಂದದ್ದು ಒಳ್ಳೆಯದೇ, ಆದರೂ ಅದೊಂದನ್ನು ಮರೆಯಲಾರೆ. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ, ಅದಕ್ಕೂ ಕುವೆಂಪು ಹೆಸರೇ. ಅಕ್ಕನ ಮಗ ಅಂಗಳಕ್ಕೆ ಎಳೆದೊಯ್ದು ವಿಮಾನ ತೋರಿಸಿದ. ಇವಳು ತಲೆಯೆತ್ತಿ ನೋಡಿದಳು, ಆಮೇಲೆ ಒಳಗೆ ಬಂದು ಕೇಳಿದಳು: “ದೊಡ್ಡಮ್ಮ, ರಾತ್ರಿ ರೈಲು ಕೂಗೋದು ಇಲ್ಲಿಗೆ ಕೇಳುತ್ತಾ?”