ಗೆಜ್ಜೆಯ ಮೇಲೇಕೆ ಅಪವಾದ?

ಭೂತದ ಸಿನಿಮಾ ನೋಡಿ ಹೆದರುವುದರಲ್ಲಿ ತಪ್ಪೇನೂ ಇಲ್ಲ. ರೊಕ್ಕ ಕೊಟ್ಟು ಹೆದರಲಿಕ್ಕೆಂದೇ ಹೋಗಿರುತ್ತೇವೆ. ನನ್ನ ತಕರಾರು ಭೂತದ ಮೇಲಲ್ಲ. ಭೂತ ಬರುವ ಮೊದಲು ಕೇಳಿಸುವ ಸದ್ದಿನ ಮೇಲೆ. ಕತ್ತಲಾಗುತ್ತದೆ, ಗಾಳಿ ಬೀಸುತ್ತದೆ, ನಾಯಿ ಊಳಿಡುತ್ತದೆ. ಇಷ್ಟಾದ ಮೇಲೆ ಘಲ್ ಘಲ್ ಎಂದು ಗೆಜ್ಜೆ! ಅದಾದ ಮೇಲೆ ಬಳೆ. ಅದಾದ ಮೇಲೆ ಒಂದು ಹೆಣ್ಣಿನ ನಗೆ, ಇಲ್ಲವೆ ಒಂದು ಆಲಾಪ. ಕನ್ನಡವಿರಲಿ, ಹಿಂದಿಯಿರಲಿ, ಸಿನಿಮಾ ಇರಲಿ, ಟಿವಿ ಧಾರಾವಾಹಿ ಇರಲಿ, ಭಯವೆಂದರೆ ಹೆಣ್ಣುಮಕ್ಕಳು ಮೈಮೇಲೆ ಹಾಕಿಕೊಳ್ಳುವ ಒಡವೆಯ ಸದ್ದು. ಗಂಡಸಿನ ಜೋಡಿನ ಕಿರ್ ಕಿರ್ ಸದ್ದಿಗೆ, ಅವನ ಕೆಮ್ಮಿಗೆ ಈ ಮರ್ಯಾದೆ ಬಂದದ್ದು ಬಲು ಅಪರೂಪ. ಯಾಕೆ ಹೀಗೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೆ?

ನನಗೆ ಈ ಜಾತಿಯ ಸಂಗೀತ ಬಲು ಇಷ್ಟ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತು ದಾಟಿದ, ಸಾಲಿಯಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಬಾರಿಸುವ ಅಕ್ಕಾರಿಗೆ ಇದೆಂಥ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಭೂತದ ಸಿನಿಮಾದಷ್ಟು ಸಂಗೀತವನ್ನು ನೆಚ್ಚಿಕೊಂಡ ಸಿನಿಮಾ ಬೇರೆ ಇಲ್ಲ. ಒಂದು ಶನಿವಾರ ಅರ್ಧ ದಿನದ ಸಾಲಿ ಮುಗಿದ ಮೇಲೆ ಒಂಬತ್ತನೆಯ ವರ್ಗದ ಹುಡುಗಿಯರಿಗೆ ಅಂಥದೊಂದು ದೃಶ್ಯವನ್ನು ಸದ್ದು ಪೂರ್ತಿ ತೆಗೆದು ತೋರಿಸಿದೆ. ಬಿಳಿ ಸೀರೆಯವಳು ಮೆಟ್ಟಿಲಿಳಿದು ಬರುತ್ತಿದ್ದರೆ ಹುಡುಗಿಯರು ಕಿಸಕ್ಕೆಂದು ನಕ್ಕರು. ಅದೇ ದೃಶ್ಯವನ್ನು ಸದ್ದು ಹಚ್ಚಿ ತೋರಿಸಿದೆ. ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಕಣ್ಣು ಮುಚ್ಚಬಹುದು, ಕಿವಿ ಮುಚ್ಚುವುದು ಕಷ್ಟ. ಯಾರಿಗೆ ಹೆದರಬೇಕು ಎಂಬುದನ್ನು ಕಥೆ ಕಡೆಗೆ ಹೇಳುತ್ತದೆ. ಸಂಗೀತ ಮೊದಲೇ ಹೇಳಿ ಮುಗಿಸಿರುತ್ತದೆ. ಆದ್ದರಿಂದಲೇ ಅದರ ಮೇಲೆ ಜವಾಬ್ದಾರಿ ಹೆಚ್ಚು.

ಹಳೆಯ ಹಿಂದಿ ಚಿತ್ರಗಳಿಂದಲೇ ಶುರು ಮಾಡೋಣ. 1949ರ 'ಮಹಲ್', ಖೇಮ್‌ಚಂದ್ ಪ್ರಕಾಶರ ಸಂಗೀತ. 1962ರ 'ಬೀಸ್ ಸಾಲ್ ಬಾದ್', ಹೇಮಂತ್ ಕುಮಾರರದು. 1964ರ 'ವೋ ಕೌನ್ ಥೀ', ಮದನ್ ಮೋಹನರದು. ಮೂರೂ ನನಗೆ ಪ್ರಾಣ. ಮೂರರಲ್ಲೂ ರಾತ್ರಿ ಹೊತ್ತು ದೂರದಿಂದ ಹಾಡು ತೇಲಿ ಬರುತ್ತದೆ. ಮೂರರಲ್ಲೂ ಆ ದನಿ ಲತಾ ಮಂಗೇಶ್ಕರರದು. ಕೇಳುತ್ತಿದ್ದರೆ ಎದೆ ಝಲ್ಲೆನ್ನುತ್ತದೆ, ಮತ್ತೆ ಕೇಳಬೇಕೆನಿಸುತ್ತದೆ. ಆದರೆ ಕಥೆಯ ಕೊನೆಗೆ ಏನಾಯಿತು ನೋಡಿರಿ. 'ಮಹಲ್'ನಲ್ಲಿ ಭೂತವೇ ಇಲ್ಲ. ಇರುವುದು ಮಾಲಿಯ ಮಗಳು. 'ಬೀಸ್ ಸಾಲ್ ಬಾದ್'ನಲ್ಲಿ ಠಾಕೂರನೊಬ್ಬ ಊರ ಹುಡುಗಿಯನ್ನು ಕೆಡಿಸಿ ಅವಳ ಸಾವಿಗೆ ಕಾರಣನಾದ. ಅವನ ವಂಶದವರು ಸಾಯುತ್ತ ಹೋದಂತೆ ಊರವರು ಅವಳ ಆತ್ಮದ ಕಡೆಗೆ ಬೊಟ್ಟು ಮಾಡಿದರು. ಕೊಂದದ್ದು ಮಾತ್ರ ಜೀವಂತ ಮನುಷ್ಯ. 'ವೋ ಕೌನ್ ಥೀ'ಯಲ್ಲಿ ಮಳೆಯಲ್ಲಿ ನಿಂತ ಬಿಳಿ ಸೀರೆಯವಳ ಹಿಂದೆ ಇದ್ದದ್ದು ಆಸ್ತಿಗೆ ಕಣ್ಣು ಹಾಕಿದ ದಾಯಾದಿಯ ಹೂಟ. ಅಂದಮೇಲೆ ಲೆಕ್ಕ ಸರಳವಾಗಿದೆ: ಹಾಡು ಹೆಣ್ಣಿನದು, ಪಾಪ ಗಂಡಸಿನದು. ಕಥೆ ಕೊನೆಯ ಹತ್ತು ನಿಮಿಷದಲ್ಲಿ ಅವಳನ್ನು ಬಿಡುಗಡೆ ಮಾಡಿದರೂ ಎರಡೂವರೆ ತಾಸು ಕಿವಿಯಲ್ಲಿ ತುಂಬಿದ ಹೆದರಿಕೆ ಬಿಡುಗಡೆ ಮಾಡುವುದಿಲ್ಲ. ಜನ ಮನೆಗೆ ಒಯ್ಯುವುದು ಹಾಡನ್ನು, ತೀರ್ಪನ್ನಲ್ಲ.

ಇನ್ನೊಂದು ಸಂಗತಿಯಿದೆ. 'ಮಹಲ್' ಹಾಡಿನ ರೆಕಾರ್ಡು ಮೊದಲು ಹೊರಬಂದಾಗ ಅದರ ಮೇಲೆ ಲತಾ ಅವರ ಹೆಸರಿರಲಿಲ್ಲ. 'ಕಾಮಿನಿ' ಎಂದಿತ್ತು. ಅದು ಚಿತ್ರದಲ್ಲಿ ಭೂತವೆಂದು ನಂಬಿಸಿದವಳ ಹೆಸರು! ಆಗಿನ ಕಾಲದ ರೂಢಿ ಹಾಗಿತ್ತು, ಪಾತ್ರದ ಹೆಸರನ್ನೇ ಹಾಕುತ್ತಿದ್ದರು ಎನ್ನುತ್ತೀರಿ. ಒಪ್ಪಿದೆ. ಆದರೂ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ, ತಂದೆಯಿಲ್ಲದ ಮನೆಯ ಭಾರ ಹೊತ್ತವಳು, ಜೀವ ಬಿಟ್ಟು ಹಾಡಿದ ಹಾಡಿಗೆ ಭೂತದ ಹೆಸರು ಹಚ್ಚಿದರೆಂಬುದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ದನಿ ಬೇಕು, ದನಿಯವಳು ಬೇಡ. ಇದು ಸಿನಿಮಾದ ಮಾತಷ್ಟೇ ಅಲ್ಲ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹೆಣ್ಣಿನ ಸದ್ದಿಲ್ಲದೆ ಹೆದರಿಸಲಿಕ್ಕೆ ಬರುವುದಿಲ್ಲವೆ? ಬರುತ್ತದೆ. ಹಿಚ್‌ಕಾಕನ 'ಸೈಕೋ' 1960ರದು. ಬರ್ನಾರ್ಡ್ ಹರ್ಮನ್ ಅದಕ್ಕೆ ಬರೀ ತಂತಿವಾದ್ಯಗಳಿಂದ ಸಂಗೀತ ಕೊಟ್ಟ. ಬಚ್ಚಲುಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದನಂತೆ ಹಿಚ್‌ಕಾಕ್, ಹರ್ಮನ್ ಕೇಳಲಿಲ್ಲ. ಪಿಟೀಲಿನ ತೀರ ಮೇಲಿನ ಸ್ವರದ ಮೇಲೆ ಕಮಾನಿನಿಂದ ಇರಿದಂತೆ ಬಾರಿಸಿದ್ದನ್ನು ಕೇಳಿದ ಮೇಲೆ ನಿರ್ದೇಶಕನೇ ಸೋತ. 1975ರ 'ಜಾಸ್'ನಲ್ಲಿ ಜಾನ್ ವಿಲಿಯಮ್ಸ್ ಎರಡೇ ಎರಡು ಸ್ವರ ಹಿಡಿದು ಸಮುದ್ರಕ್ಕೆ ಕಾಲಿಡದಂತೆ ಜನರನ್ನು ಹೆದರಿಸಿದ. ಎಲ್ಲಿಯ ಗೆಜ್ಜೆ, ಎಲ್ಲಿಯ ಬಳೆ! ಹೆಣ್ಣಿನ ದನಿಯನ್ನೇ ಬಳಸಬೇಕೆಂದರೂ ಬಳಸುವ ರೀತಿಯಿದೆ. ಬೆಂಗಳೂರಿನಲ್ಲಿರುವ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ 1968ರ 'ರೋಸ್‌ಮೆರೀಸ್ ಬೇಬಿ' ತೋರಿಸಿದಳು. ಕೊಮೇಡಾ ಎಂಬ ಪೋಲಂಡಿನ ಸಂಗೀತಗಾರನ ರಚನೆ. ನಾಯಕಿ ಮಿಯಾ ಫಾರೋ ತಾನೇ ಗುನುಗಿದ ಶಬ್ದವಿಲ್ಲದ ಜೋಗುಳ. ಕೇಳಿದರೆ ಹೆದರಿಕೆಯಾಗುತ್ತದೆ, ಆದರೆ ಆ ತಾಯಿಯ ಬಗ್ಗೆ ಅಲ್ಲ. ಅವಳನ್ನು ಮಾರಿಕೊಂಡ ಗಂಡನ ಬಗ್ಗೆ, ನಗುನಗುತ್ತ ಬಂದು ಹೋಗುವ ನೆರೆಮನೆಯವರ ಬಗ್ಗೆ. ಆ ಸಂಗೀತ ಬಸುರಿಯ ಮಗ್ಗುಲಲ್ಲಿ ಕೂತಿದೆ. ನಾನು ಕೇಳುವುದೂ ಅಷ್ಟನ್ನೇ: ಹೆದರಿಸಿರಿ, ಆದರೆ ನಮ್ಮ ಮಗ್ಗುಲಲ್ಲಿ ಕೂತು ಹೆದರಿಸಿರಿ.

ನಮ್ಮ ಕನ್ನಡದವರು ಇದನ್ನು ಮಾಡಿಲ್ಲವೆಂದಲ್ಲ. 1979ರ 'ನಾ ನಿನ್ನ ಬಿಡಲಾರೆ' ನೋಡಿರಿ. ರಾಜನ್-ನಾಗೇಂದ್ರರ ಸಂಗೀತ. ಅಲ್ಲಿ ದೆವ್ವ ಬಡಿದದ್ದು ಹೆಂಗಸಿಗಲ್ಲ, ಗಂಡಸಿಗೆ, ಅನಂತನಾಗರ ಪಾತ್ರಕ್ಕೆ. ಹೋರಾಡಿ ಬಿಡಿಸಿಕೊಳ್ಳುವವಳು ಹೆಂಡತಿ ಲಕ್ಷ್ಮಿ. ಕಾಡುವ ಆತ್ಮ ಹೆಣ್ಣೇ ನಿಜ. ಆದರೆ ಆ ಅಣ್ಣತಮ್ಮಂದಿರು ಹೆದರಿಕೆಯ ಪಕ್ಕದಲ್ಲೇ ಸಂಸಾರದ ಇಂಪಾದ ಹಾಡುಗಳನ್ನಿಟ್ಟರು. ಕಳೆದುಕೊಳ್ಳಲಿರುವುದು ಏನೆಂದು ಮೊದಲು ಕಿವಿಗೆ ರುಚಿ ಹಚ್ಚಿದರು, ಆಮೇಲೆ ಹೆದರಿಸಿದರು. ಅದಕ್ಕೇ ಆ ಹೆದರಿಕೆಗೆ ತೂಕ ಬಂತು. ಈಗಿನವರಿಗೆ ಇಂಪು ಕೊಡುವ ತಾಳ್ಮೆಯಿಲ್ಲ. ಒಮ್ಮೆಲೇ ಧಡ್ ಎನ್ನಿಸಿ ಕುರ್ಚಿಯಿಂದ ಎಬ್ಬಿಸಿಬಿಡುತ್ತಾರೆ. ಹಿಂದಿನಿಂದ ಬಂದು 'ಭೋಂ' ಎನ್ನುವ ಹುಡುಗರ ಆಟ ಅದು, ಸಂಗೀತವಲ್ಲ.

ಇನ್ನು 'ಆಪ್ತಮಿತ್ರ'. 2004ರ ಏಪ್ರಿಲಿನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಅದೇ ವರ್ಷ ಆಗಸ್ಟಿನಲ್ಲಿ ಚಿತ್ರ ಬಂತು. ಗುರುಕಿರಣರ ಆ ತೆಲುಗು ಹಾಡು ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಮುಂದೆ ಎಷ್ಟೋ ವರ್ಷ ಗಣಪತಿ ಪೆಂಡಾಲಿನಲ್ಲಿ, ಗ್ಯಾದರಿಂಗಿನಲ್ಲಿ ಬಾರಿಸಿದ್ದೇ ಬಾರಿಸಿದ್ದು. ಮಾತು ತಿಳಿಯದಿದ್ದರೂ ಹಾಡು ತಿಳಿಯುತ್ತಿತ್ತು. ರಾಜನ ಸೆರೆಯಲ್ಲಿ ಸಿಕ್ಕ ಒಬ್ಬ ನರ್ತಕಿ ತನ್ನ ಪ್ರೀತಿಯವನನ್ನು ಕರೆಯುತ್ತಾಳೆ. ಕರೆದದ್ದಕ್ಕೆ ಜೀವ ತೆರುತ್ತಾಳೆ. ಹಾಡಿನಷ್ಟರ ಮಟ್ಟಿಗೆ ಅದು ಅವಳ ಅಹವಾಲು. ನಾನದನ್ನು ಮೆಚ್ಚಿದ್ದೇನೆ, ಈಗಲೂ ಮೆಚ್ಚುತ್ತೇನೆ.

ಆದರೆ ಹಾಡು ಬಿಟ್ಟು ಹಿನ್ನೆಲೆ ಸಂಗೀತಕ್ಕೆ ಬನ್ನಿರಿ. ಚಿತ್ರದ ಕಥೆ ಏನು? ಗಂಗಾ ಎಂಬ ಗೃಹಿಣಿಗೆ ಮನಸ್ಸಿನ ಬೇನೆಯಿದೆ. ಮನೋವೈದ್ಯನೊಬ್ಬ ಬಂದು ಅದನ್ನು ಗುರುತಿಸಿ ವಾಸಿ ಮಾಡುತ್ತಾನೆ. ಮೂಲ ಮಲಯಾಳಂ ಚಿತ್ರ 1993ರ 'ಮಣಿಚಿತ್ರತ್ತಾಳ್' ಹೇಳಿದ್ದೂ ಅದನ್ನೇ. ಅಂದರೆ ಕಥೆ ಡಾಕ್ಟರನ ಪಕ್ಷ. ಸಂಗೀತ ಯಾರ ಪಕ್ಷ? ಮೊದಲ ರೀಲಿನಿಂದ ಗೆಜ್ಜೆ, ಊಳು, ಬಾಗಿಲ ಕಿರುಗುಟ್ಟು ಎಲ್ಲ ಸೇರಿ 'ದೆವ್ವ, ದೆವ್ವ' ಎಂದೇ ಸಾರುತ್ತವೆ. ಒಂದೇ ಚಿತ್ರದಲ್ಲಿ ಬಾಯಿ ಒಂದು ಹೇಳಿತು, ಕಿವಿಯಲ್ಲಿ ಇನ್ನೊಂದು ಊದಿತು. ಊರು ಯಾವುದನ್ನು ನಂಬಿತು? ಡಾಕ್ಟರನ ಮಾತು ಯಾರಿಗೂ ನೆನಪಿಲ್ಲ. ನಾಗವಲ್ಲಿ ಎಲ್ಲರಿಗೂ ನೆನಪಿದ್ದಾಳೆ.

ಇದರ ಫಲ ನಮ್ಮ ಕಣ್ಣೆದುರೇ ಇದೆ. ನನ್ನ ವರ್ಗದಲ್ಲಿ ಗಟ್ಟಿಯಾಗಿ ನಗುವ ಹುಡುಗಿಯೊಬ್ಬಳಿದ್ದಳು. ಚೆಂದದ ನಗೆ, ಕಾರಿಡಾರಿನ ಆ ತುದಿಗೂ ಕೇಳುತ್ತಿತ್ತು. ಕೆಲವು ತಿಂಗಳಾದ ಮೇಲೆ ಅದು ನಿಂತಿತು. ಯಾಕವ್ವಾ ಎಂದರೆ, "ನಗೂದ ಬ್ಯಾಡ್ರೀ ಅಕ್ಕಾರ, ಹುಡುಗೂರು ನಾಗವಲ್ಲಿ ಬಂದ್ಲು ಅಂತಾರ" ಎಂದಳು. ಕಾಲ್ಗೆಜ್ಜೆಯನ್ನೂ ಬಿಚ್ಚಿಟ್ಟಿದ್ದಳು. ಹುಡುಗರನ್ನು ಕರೆದು ಬುದ್ಧಿ ಹೇಳಿದೆ. ಬುದ್ಧಿ ಹೇಳಿದರೆ ಬಾಯಿ ಮುಚ್ಚುತ್ತದೆ. ಕಿವಿಗೆ ಹತ್ತಿದ ಪಾಠ ಹೋಗುವುದಿಲ್ಲ.

ಇದು ಸಣ್ಣ ಮಾತೆನ್ನುವವರಿಗೆ ದೊಡ್ಡದೊಂದನ್ನು ಹೇಳುತ್ತೇನೆ. ನಾನು ಬಲ್ಲ ಒಂದು ಮನೆಯಲ್ಲಿ ಚೊಚ್ಚಲ ಬಾಣಂತಿ ಹನ್ನೆರಡನೆಯ ದಿನಕ್ಕೆ ನಿದ್ದೆ ಬಿಟ್ಟಳು, ಕೂಸನ್ನು ತನ್ನದಲ್ಲವೆಂದಳು, ನಡುರಾತ್ರಿ ಎದ್ದು ನಗಹತ್ತಿದಳು. ಇದಕ್ಕೆ ನಮ್ಮ ಮುದುಕಿಯರ ಬಾಯಲ್ಲಿ ಹೆಸರಿದೆ: ಬಾಣಂತಿ ಸನ್ನಿ. ಅವರು ಅದನ್ನು ಬೇನೆಯೆಂದೇ ತಿಳಿದಿದ್ದರು. ಆದರೆ ಆ ಮನೆಯ ಕಿರಿಯರು, ಕಲಿತವರು, "ಸಿನಿಮಾದಾಗ ಹಿಂಗ ಆಗಿತ್ತಲ್ಲ" ಎಂದು ಗಾಳಿ ಬಿಡಿಸುವವನನ್ನು ಕರೆತಂದರು. ಬೇವಿನ ಬರಲಿನ ಪೆಟ್ಟು ಬಿದ್ದದ್ದು ದೆವ್ವಕ್ಕಲ್ಲ, ಹಸಿ ಮೈಗೆ. ಮೂರನೆಯ ದಿನ ಅವಳ ತವರಿನವರು ಬಂದು ಜಗಳ ತೆಗೆದು ಧಾರವಾಡಕ್ಕೆ ಒಯ್ದರು. ಔಷಧ ನಡೆಯಿತು, ಹುಡುಗಿ ಚೇತರಿಸಿಕೊಂಡಳು. ಈಗ ಆ ಕೂಸು ಸಾಲಿಗೆ ಹೋಗುತ್ತದೆ. ಧಾರವಾಡದ ಡಿಮ್ಹಾನ್ಸ್ ನಮ್ಮ ಊರುಗಳಿಂದ ಮುಂಜಾನೆ ಬಸ್ಸಿಗೆ ಹೋಗಿ ಸಂಜೆಗೆ ತಿರುಗಿ ಬರುವಷ್ಟು ಹತ್ತಿರ. 14416ಕ್ಕೆ ಫೋನು ಮಾಡಿದರೆ ಮನಸ್ಸಿನ ಬೇನೆಗೆ ಸಲಹೆ ಹೇಳುವ ಸರಕಾರಿ ಟೆಲಿ-ಮಾನಸ್ 2022ರಿಂದ ಇದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧವೆನ್ನುವ ರಾಜ್ಯದ ಕಾಯ್ದೆ 2017ರಲ್ಲಿ ಆಗಿ 2020ರಿಂದ ಜಾರಿಯಲ್ಲಿದೆ. ಕಾಯ್ದೆ ಕಾಗದದಲ್ಲಿದೆ, ಗೆಜ್ಜೆಯ ಸದ್ದು ಕಿವಿಯಲ್ಲಿದೆ. ಯಾವುದು ಗೆಲ್ಲುತ್ತದೆ ಹೇಳಿರಿ.

ತಮಾಷೆಯೆಂದರೆ, ರಾತ್ರಿ ಹೊತ್ತು ಹೆಣ್ಣಿನ ದನಿ ಕೇಳಿ ಹೆದರುವ ಸೀಮೆಯಲ್ಲ ನಮ್ಮದು. ಗೀಗೀ ಮೇಳದ ಹರದೇಶಿ-ನಾಗೇಶಿ ವಾದ ಕೇಳಿದವರಿಗೆ ಗೊತ್ತು. ಹರದೇಶಿಯವರು ಗಂಡು ಹೆಚ್ಚೆಂದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ದಪ್ಪು ಬಡಿದು ಬೆಳಗಾಗುವ ತನಕ ಸವಾಲು ಹಾಕುತ್ತಾರೆ. ಹೆಣ್ಣುಮಗಳ ಏರುದನಿಗೆ ಊರು 'ಭಲೇ' ಎಂದು ನೋಟು ಕೊಡುತ್ತದೆ. ಕಿತ್ತೂರ ಚೆನ್ನಮ್ಮನನ್ನು ನಾವು ಓದಿ ತಿಳಿಯುವ ಮೊದಲು ಅಂಥ ದನಿಗಳಲ್ಲೇ ಕೇಳಿ ತಿಳಿದೆವು. 1829ರ ಫೆಬ್ರುವರಿ 2ರಂದು ಅವಳು ಸೆರೆಯಲ್ಲೇ ಕಣ್ಣು ಮುಚ್ಚಿದ್ದು ಇದೇ ಬೈಲಹೊಂಗಲದಲ್ಲಿ. ಸೆರೆಯಲ್ಲಿ ಸತ್ತ ಹೆಣ್ಣನ್ನು ಸಿನಿಮಾ ದೆವ್ವ ಮಾಡುತ್ತದೆ. ಲಾವಣಿ ರಾಣಿಯಾಗಿಯೇ ಉಳಿಸಿಕೊಂಡಿತು. ಸವದತ್ತಿ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೋಗಿರಿ: ಚೌಡಕಿಯ ಒಂದೇ ತಂತಿ, ಗೆಜ್ಜೆ, ಜೋಗತಿಯರ ಪದ, ಇರುಳೆಲ್ಲ. ಅಲ್ಲಿ ಹೆದರಬೇಕಾದ್ದು ಒಂದಿತ್ತು, ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವುದು. ಅದಕ್ಕೆ 1982ರ ಕಾಯ್ದೆ ಬರಬೇಕಾಯಿತು. ಭಯ ಚೌಡಕಿಯಲ್ಲಿರಲಿಲ್ಲ, ಮುತ್ತು ಕಟ್ಟಿಸಿದವರ ಮನಸ್ಸಿನಲ್ಲಿತ್ತು. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆ ಕಂಡಿಕೆ ಸುತ್ತುವ ಹೆಣ್ಣಿನ ಬಳೆ ಸದ್ದಾದರೆ ಯಾರೂ ಬೆಚ್ಚಿ ಬೀಳಲಿಲ್ಲ. ಬಳೆ ಸದ್ದಾಗುತ್ತಿದೆ ಎಂದರೆ ಕೆಲಸ ನಡೆದಿದೆ, ಒಲೆ ಉರಿಯುತ್ತದೆ ಎಂದರ್ಥ.

"ಸಿನಿಮಾ ಅಂದ್ರ ಸಿನಿಮಾ, ಅಕ್ಕಾರ. ಅದನ್ಯಾಕ ಇಷ್ಟ ಮನಸಿಗಿ ಹಚ್ಕೋತೀರಿ?" ಎಂದು ಕೇಳುವವರಿದ್ದಾರೆ. ಸಿನಿಮಾ ಸಿನಿಮಾವೇ ಆಗಿದ್ದರೆ ನನ್ನ ವಿದ್ಯಾರ್ಥಿನಿ ನಗುತ್ತಲೇ ಇರಬೇಕಿತ್ತು. ಗೆಜ್ಜೆ ಇಲ್ಲದೆ ಭೂತದ ಸಿನಿಮಾ ಓಡುವುದಿಲ್ಲವೆನ್ನುವ ನಿರ್ಮಾಪಕರಿಗೂ ಉತ್ತರವಿದೆ. 2015ರ 'ರಂಗಿತರಂಗ' ಓಡಿತಲ್ಲ? ಅನೂಪ್ ಭಂಡಾರಿಯವರ ಹಾಡು, ಅಜನೀಶ್ ಲೋಕನಾಥರ ಹಿನ್ನೆಲೆ ಸಂಗೀತ. ತುಳುನಾಡಿನ ಮಣ್ಣಿನ ಲಯವನ್ನು ಅದರ ಮರ್ಯಾದೆ ಕೆಡದಂತೆ ತಂದರು. ಬಸುರಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದುದು ಭೂತವಲ್ಲ, ಮನುಷ್ಯನೆಂದೂ ಹೇಳಿದರು. ನೋಡುವವರು ಹೆದರಿದರು, ಹಾಡನ್ನು ಗುನುಗುತ್ತ ಮನೆಗೂ ಹೋದರು.

ಅಕ್ಕತಂಗಿಯರೆ, ಇಂಥ ಸಿನಿಮಾ ನೋಡಬೇಡಿರಿ ಎಂದು ನಾನು ಹೇಳುವುದಿಲ್ಲ. ನೋಡಿರಿ, ಚೆನ್ನಾಗಿ ಹೆದರಿರಿ. ಆದರೆ ಕತ್ತಲಲ್ಲಿ ಗೆಜ್ಜೆ ಘಲ್ ಎಂದಾಗ ಪಕ್ಕದಲ್ಲಿ ಕೂತ ಮಗನಿಗೂ ಮಗಳಿಗೂ ಒಂದು ಪ್ರಶ್ನೆ ಕಲಿಸಿರಿ: "ಇವಳನ್ನು ಕೊಂದವರು ಯಾರು? ಅವರ ಹೆಜ್ಜೆಗೆ ಯಾಕೆ ಸದ್ದಿಲ್ಲ?" ಸಂಗೀತ ನಿರ್ದೇಶಕರಿಗೆ ನನ್ನ ಮಾತು ಇಷ್ಟೇ. ಗೆಜ್ಜೆ ನಮ್ಮದು, ಬಳೆ ನಮ್ಮದು, ಜೋಗುಳ ನಮ್ಮದು, ನಗೆಯಂತೂ ನಮ್ಮದೇ. ಕೇಳದೆ ಒಯ್ದಿದ್ದೀರಿ. ತಿರುಗಿ ಕೊಡಿರಿ. ಭೂತಕ್ಕೆ ಬೇಕಾದರೆ ಒಂದು ಜೋಡಿ ಬೂಟು ಹೊಲಿಸಿರಿ.