ಫೋನೇ ಇಲ್ಲದ ಹಾಸ್ಟೆಲ್ಲಿಗೆ ನಿದ್ದೆಯ ಆ್ಯಪ್

ನನ್ನ ಚಿಕ್ಕಮ್ಮನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ ಮೆಸೇಜು ಕಳಿಸಿದ: "ಅಕ್ಕಾ, ಎದ್ದಿದ್ದೀಯಾ?" ಥೀಸಿಸ್ಸಿನ ಅಧ್ಯಾಯ ತಿದ್ದುತ್ತ ನಾನು ಎದ್ದೇ ಇದ್ದೆ. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಎಂದ. ತಿಂಗಳಿಗೊಮ್ಮೆ ಬರುವ ಕೌನ್ಸೆಲರ್ ಅವನಿಗೊಂದು ನಿದ್ದೆಯ ಆ್ಯಪ್‌ನ ಹೆಸರು ಬರೆದುಕೊಟ್ಟಿದ್ದರು. ಆ ಹಾಸ್ಟೆಲ್ಲಿನಲ್ಲಿ ಫೋನು ನಿಷಿದ್ಧ. ಅವನು ಮೆಸೇಜು ಕಳಿಸಿದ್ದು ಬಚ್ಚಿಟ್ಟುಕೊಂಡ ಫೋನಿನಿಂದ.

ನಾನು ವೈದ್ಯೆಯಲ್ಲ, ಶಿಕ್ಷಣದ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಆ್ಯಪ್‌ಗಳ ಮೇಲೆ ನನಗೆ ದ್ವೇಷವೂ ಇಲ್ಲ. ಅವುಗಳಲ್ಲಿ ಒಳ್ಳೆಯವು ಸಿಬಿಟಿ-ಐ ಎಂಬ ಚಿಕಿತ್ಸೆಯನ್ನು ಆಧರಿಸಿವೆ. ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಬೇಕು, ಏಳುವ ಹೊತ್ತು ದಿನವೂ ಒಂದೇ ಇರಬೇಕು, ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಮೊದಲು ಕಡಿಮೆ ಮಾಡಿ ಆಮೇಲೆ ಹೆಚ್ಚಿಸಬೇಕು. ಇದರಿಂದ ಅನೇಕರಿಗೆ ನಿಜಕ್ಕೂ ಗುಣವಾಗಿದೆ. ನಿದ್ರಾಹೀನತೆಗೂ ಆತ್ಮಹತ್ಯೆಯ ಯೋಚನೆಗೂ ನಂಟಿದೆ ಎಂಬುದೂ ನಿಜ. ಹಾಗಾಗಿ ನಿದ್ದೆಗೆ ಚಿಕಿತ್ಸೆ ಕೊಡಬೇಕು ಎನ್ನುವವರು ತಪ್ಪು ಹೇಳುತ್ತಿಲ್ಲ.

ನನ್ನ ತಕರಾರು ಬೇರೆ. ಹಾಸಿಗೆಯ ಸಮಯ ಕಡಿತ ಮಾಡಿದಾಗ ಮೊದಮೊದಲು ಹಗಲಿನ ಸುಸ್ತು ಹೆಚ್ಚುತ್ತದೆ. ಸಾಯುವ ಯೋಚನೆ ಹೊತ್ತ ಹುಡುಗನಿಗೆ ಆ ದಿನಗಳಲ್ಲಿ ಪಕ್ಕದಲ್ಲೊಬ್ಬರು ಬೇಕು. 2020ರಲ್ಲಿ ಅಮೆರಿಕದ ಎಫ್‌ಡಿಎ ಸೋಮ್ರಿಸ್ಟ್ ಎಂಬ ಇಂಥ ಆ್ಯಪ್‌ಗೆ ಅನುಮತಿ ಕೊಟ್ಟಾಗ ಅದು 22 ವರ್ಷ ದಾಟಿದವರಿಗೆ ಮಾತ್ರವಿತ್ತು, ಅದೂ ವೈದ್ಯರ ಚೀಟಿಯ ಮೇಲೆ. ನಾವು ಹದಿನೇಳರ ಹುಡುಗನ ಕೈಗೆ ಬರೀ ಹೆಸರು ಬರೆದುಕೊಟ್ಟು ಕಳಿಸುತ್ತೇವೆ.

"ಮನೋವೈದ್ಯರೇ ಸಾಲದ ದೇಶದಲ್ಲಿ ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ" ಎನ್ನುತ್ತಾರೆ. ಇರಲಿ. ಆದರೆ ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುತ್ತದೆ, ಮೆಲಟೊನಿನ್ ತಡವಾಗಿ ಸ್ರವಿಸುತ್ತದೆ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಶಾಲೆ ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು ಹೇಳಿತು. ನನ್ನ ತಮ್ಮನ ಹಾಸ್ಟೆಲ್ಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಓದು, ಬೆಳಗಿನ ಐದಕ್ಕೆ ಗಂಟೆ. ಕಣ್ಣು ಮುಚ್ಚಿದ ತಕ್ಷಣ ನಿದ್ದೆ ಬಂದರೂ ಸಿಗುವುದು ಆರೇ ತಾಸು. ಈ ಲೆಕ್ಕವನ್ನು ಯಾವ ಆ್ಯಪ್ ಸರಿಮಾಡೀತು? ವೇಳಾಪಟ್ಟಿ ಬದಲಿಸಲು ಮನೋವೈದ್ಯರೂ ಬೇಡ, ಅನುದಾನವೂ ಬೇಡ. ಆದರೂ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ರ‍್ಯಾಂಕಿನ ಜಾಹೀರಾತು ನಿಂತಿರುವುದೇ ಅದರ ಮೇಲೆ. ಆ್ಯಪ್ ಕೊಟ್ಟರೆ ನಿದ್ದೆಗೆಟ್ಟದ್ದು ಹುಡುಗನ ದೋಷವಾಗುತ್ತದೆ, ಸಂಸ್ಥೆ ಪಾರಾಗುತ್ತದೆ.

ನಾನು ಕೇಳುವುದು ಇಷ್ಟು. ಆ್ಯಪ್ ಕೊಡಿ, ಜೊತೆಗೆ ವಾರವಾರ ವಿಚಾರಿಸುವ ತರಬೇತಾದ ಮನುಷ್ಯರನ್ನೂ ಕೊಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಹಾಸ್ಟೆಲ್ಲಿನ ಗೋಡೆಯ ಮೇಲೆ ಬರೆಸಿ, ಕರೆ ಮಾಡಲು ಕೆಳಗೊಂದು ಫೋನಿಡಿ. ಬೆಳಗಿನ ಗಂಟೆಯನ್ನು ಮುಂದಕ್ಕೆ ಹಾಕಿ.

ಅವತ್ತು ಬೆಳಗಾಗುವವರೆಗೂ ನಾವು ಮಾತಾಡಿದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕಮ್ಮ ಹೋಗಿ ಅವನನ್ನು ಕರೆತಂದು ವೈದ್ಯರಿಗೆ ತೋರಿಸಿದಳು. ಮನೆಯಲ್ಲಿ ಮೊದಲ ವಾರ ಅವನು ಎಂಟು ಗಂಟೆಯವರೆಗೆ ಮಲಗಿರುತ್ತಿದ್ದ, ಯಾರೂ ಎಬ್ಬಿಸಲಿಲ್ಲ. ಅವನ ಬಚ್ಚಿಟ್ಟ ಫೋನು ಅವತ್ತೇ ವಾರ್ಡನ್ ಕೈಗೆ ಸಿಕ್ಕಿತ್ತಂತೆ. ದಂಡ ಕಟ್ಟಿ ಬಿಡಿಸಿಕೊಂಡೆವು.